ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಕ್ಯಾಂಪಿಂಗ್ ಟ್ರೇಲರ್: ದಸರಾ ರಜೆಗೆ ಹೊರಡಿಸೋ ಮುಂಚೆ ಏನೇನು ನೋಡ್ಬೇಕು?

ಬಣಕಲ್ ತೋಟ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕು, ಬಣಕಲ್ ಕಡೆ. ಒಂಟಿ ಆಕ್ಸಲ್‌ನ 12 ಅಡಿ ಟ್ರೇಲರ್ ಮೇ ಕೊನೆಯಿಂದ ತೋಟದ ಶೆಡ್ಡಲ್ಲೇ ಇದೆ. ಶೆಡ್ಡಿಗೆ ಮೂರು ಕಡೆ ಗೋಡೆ, ಮೇಲೆ ಶೀಟು, ಮುಂದೆ ಬಾಗಿಲಿಲ್ಲ. ದಸರಾ ರಜೆಗೆ ಮೊದಲು ಹಾಸನದ ಕಡೆ ಒಂದು ಸುತ್ತು, ಆಮೇಲೆ ಚಾರ್ಮಾಡಿ ಇಳಿದು ಕರಾವಳಿಗೆ ಹೋಗೋ ಯೋಚನೆ.

ಗಾಡಿ ವಿವರ: ಖಾಲಿ ತೂಕ 620 ಕೆ.ಜಿ., ಚೌಕ ಪೈಪಿನ ಚಾಸಿ, ಪ್ಲೈವುಡ್ ಮೇಲೆ ಫೈಬರ್ ಶೀಟು, ಓವರ್‌ರನ್ ಬ್ರೇಕು (ಟ್ರೇಲರ್ ಮುಂದಿನ ಗಾಡಿಯನ್ನ ತಳ್ಳಿದಾಗ ತಾನಾಗೇ ಹಿಡಿಯೋದು), 155/80 ಆರ್13 ಟೈರು, 80 ಲೀಟರ್ ನೀರಿನ ಟ್ಯಾಂಕು, 12 ವೋಲ್ಟ್ ಪಂಪು, 100 ಎಎಚ್ ಟ್ಯೂಬುಲರ್ ಬ್ಯಾಟರಿ, ಮೇಲೆ 100 ವ್ಯಾಟ್ ಸೋಲಾರ್, ಎರಡು ಬರ್ನರಿನ ಒಲೆ, 5 ಕೆ.ಜಿ. ಸಿಲಿಂಡರ್.

ಈಗಿನ ಸ್ಥಿತಿ: ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಾಸಿಗೆ ಕೆಳಗೆ ಬೂಷ್ಟು. ಬಾಗಿಲ ಪಕ್ಕ ನೆಲ ತುಳಿದರೆ ಸ್ವಲ್ಪ ಮೆತ್ತಗೆ ಅನ್ಸುತ್ತೆ. ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದು, ಈಗ ಬಿಟ್ಟರೂ ಎಡಚಕ್ರ ಅಲುಗ್ತಿಲ್ಲ. ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲಾ ಲೈಟೂ ಮಂಕಾಗಿ ಮಿನುಗುತ್ತೆ.

ವಿಡಿಯೋಗಳಲ್ಲಿ ನಲ್ಲಿಯಿಂದ ಗುಲಾಬಿ ಬಣ್ಣದ ದ್ರವ ಹೊರಗೆ ಬಿಡೋದೇ ಮೊದಲ ಕೆಲಸ ಅಂತ ತೋರಿಸ್ತಾರೆ. ಅದು ನಮಗೂ ಬೇಕಾ? ಯಾವುದರಿಂದ ಶುರು ಮಾಡೋದು?

ಗೊರೂರು ಹಿನ್ನೀರು

ಆ ಗುಲಾಬಿ ದ್ರವದ ವಿಷಯ ಮೊದಲು ಮುಗಿಸೋಣ. ಅದು ಪ್ರೊಪಿಲೀನ್ ಗ್ಲೈಕಾಲ್ ಇರೋ ಆಂಟಿಫ್ರೀಜ್. ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತೆ. ಪೈಪಲ್ಲಿ ಉಳಿದ ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗಿ ಪೈಪು, ಪಂಪಿನ ತಲೆ, ನಲ್ಲಿ ಎಲ್ಲ ಸೀಳಿಬಿಡುತ್ತೆ. ಅದಕ್ಕೇ ಅವರು ಗಾಡಿ ನಿಲ್ಲಿಸುವಾಗ ಆ ದ್ರವ ತುಂಬಿ, ವಸಂತ ಬಂದಾಗ ತೊಳೆದು ಹೊರಗೆ ಬಿಡ್ತಾರೆ. ಬಣಕಲ್‌ನಲ್ಲಿ ಪೈಪಿನ ನೀರು ಹೆಪ್ಪುಗಟ್ಟಲ್ಲ. ಅದಕ್ಕೆ ದುಡ್ಡು ಹಾಕ್ಬೇಡಿ.

ನಮ್ಮ ಕಡೆ ಗಾಡಿ ತಿನ್ನೋದು ತೇವ. ಹಾಗಾಗಿ ನಿಮ್ಮ ಕೆಲಸ ನಲ್ಲಿಯಿಂದಲ್ಲ, ಚಾವಣಿಯಿಂದ ಶುರುವಾಗ್ಬೇಕು. ಚಾವಣಿ, ನೆಲ, ಚಕ್ರದ ಹಬ್, ವೈರಿಂಗ್, ಕೊನೆಗೆ ನೀರು ಮತ್ತು ಗ್ಯಾಸ್, ಇದೇ ಕ್ರಮದಲ್ಲಿ ಹೋಗಿ. ನೆಲ ಕೊಳೆತಿದ್ದರೆ ಉಳಿದದ್ದೆಲ್ಲ ಮುಂದಕ್ಕೆ ಹೋಗುತ್ತೆ, ಅದು ಮೊದಲ ದಿನವೇ ಗೊತ್ತಾಗೋದು ಒಳ್ಳೇದು.

ಗಾಡಿಯನ್ನ ಶೆಡ್ಡಿಂದ ಕಾಫಿ ಕಣಕ್ಕೆ ತನ್ನಿ. ಅಕ್ಟೋಬರಲ್ಲಿ ಕಣ ಖಾಲಿ ಇರುತ್ತೆ, ಹಣ್ಣು ಬರೋಕೆ ಇನ್ನೂ ಸಮಯ ಇದೆ. ನೆಲ ಸಮತಟ್ಟು, ಸಿಮೆಂಟು ಗಟ್ಟಿ, ಜಾಕಿ ಕುಸಿಯಲ್ಲ, ಬೆಳಗಿಂದ ಸಂಜೆವರೆಗೆ ಬಿಸಿಲು. ಹಾಸಿಗೆ, ದಿಂಬು, ಪರದೆ ಎಲ್ಲ ಹೊರಗೆ ಹಾಕಿ, ಕಪಾಟಿನ ಬಾಗಿಲು, ಸೀಟಿನ ಮುಚ್ಚಳ, ಕಿಟಕಿ ಎಲ್ಲ ತೆರೆದಿಟ್ಟು ಎರಡು ದಿನ ಬಿಡಿ. ಬೂಷ್ಟನ್ನ ಒಣಗಿದ ಬ್ರಷ್ಷಿನಿಂದ ಉಜ್ಜಬೇಡಿ, ಅದರ ಬೀಜಕಣ ಗಾಡಿ ತುಂಬಾ ಹಾರುತ್ತೆ. ಬಿಳಿ ವಿನೆಗರಲ್ಲಿ ಅದ್ದಿದ ಬಟ್ಟೇಲಿ ಒರೆಸಿ, ಆಮೇಲೆ ಬಿಸಿಲು ಕಾಣಿಸಿ. ಸ್ಪಂಜಿನ ಒಳಕ್ಕೇ ಬೂಷ್ಟು ಇಳಿದಿದ್ದರೆ ಆ ಸ್ಪಂಜು ಹೋಯ್ತು ಅಂದುಕೊಳ್ಳಿ.

ಆಮೇಲೆ ಸೀಲು ನೋಡಿ. ನೀರು ನುಗ್ಗೋದು ಶೀಟಿನ ಮಧ್ಯದಿಂದ ಅಲ್ಲ, ತೂತು ಕೊರೆದ ಜಾಗದಿಂದ: ಸೋಲಾರ್ ಬ್ರಾಕೆಟಿನ ಸ್ಕ್ರೂ, ವೈರು ಒಳಗೆ ಹೋಗೋ ಗ್ಲ್ಯಾಂಡು, ಗಾಳಿಕಿಂಡಿಯ ಚೌಕಟ್ಟು, ಕಿಟಕಿಯ ಮೇಲಂಚು, ಗೋಡೆ ಮತ್ತು ಚಾವಣಿ ಕೂಡೋ ಮೂಲೆಯ ಪಟ್ಟಿ. ಉಗುರಲ್ಲಿ ಒತ್ತಿದರೆ ಸೀಲಂಟ್ ರಬ್ಬರಿನಂತೆ ಬಾಗ್ಬೇಕು. ಕಟುಂ ಅಂತ ಬಿರಿದರೆ, ಅಂಚು ಎದ್ದಿದ್ದರೆ ತೆಗೆಯಲೇಬೇಕು. ಅನುಮಾನ ಇದ್ದ ಕಡೆ ಹೋಸ್ ಪೈಪಿನ ಪರೀಕ್ಷೆ ಮಾಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಒಬ್ಬರು ಹೊರಗಿಂದ ಕೆಳಗಿಂದ ಮೇಲಕ್ಕೆ ಒಂದೊಂದು ಜಾಗಕ್ಕೆ ಹತ್ತು ನಿಮಿಷ ನೀರು ಬಿಡಲಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಾ ಜಾಯಿಂಟಿನ ಮೇಲೂ ಹರಿದು, ಸೋರಿದ್ದು ಯಾವುದು ಅಂತ ಗೊತ್ತಾಗಲ್ಲ.

ಇನ್ನು ನೆಲ. ಮೆತ್ತಗಿದೆ ಅಂದಿರಲ್ಲ, ಸ್ಕ್ರೂಡ್ರೈವರಿನ ಹಿಡಿಯಲ್ಲಿ ಅರ್ಧ ಅಡಿಗೊಂದು ಸಲ ತಟ್ಟುತ್ತಾ ಬನ್ನಿ. ಒಳ್ಳೆ ಪ್ಲೈ ಟಕಟಕ ಅನ್ನುತ್ತೆ, ಕೊಳೆತದ್ದು ದಪ್‌ದಪ್ ಅನ್ನುತ್ತೆ. ಮೆತ್ತಗಿನ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಸಾಧ್ಯ ಆದರೆ ಎರಡು ಪಿನ್ ಚುಚ್ಚೋ ಮರದ ತೇವಾಂಶ ಮೀಟರ್ ತನ್ನಿ. ತೋಟದಲ್ಲಿರೋ ಕಾಫಿ ಮೀಟರ್ ಇದಕ್ಕೆ ಆಗಲ್ಲ, ಅದು ಬೀಜಕ್ಕೆ ಹೊಂದಿಸಿದ್ದು. ಶೇ. 15ರೊಳಗೆ ಇದ್ದರೆ ಚಿಂತೆ ಇಲ್ಲ. 20 ದಾಟಿದರೆ ಎಲ್ಲಿಂದಲೋ ನೀರು ಬರ್ತಿದೆ. 30 ದಾಟಿದ ಕಡೆ ಮರ ಸತ್ತಿರೋ ಸಾಧ್ಯತೆ ಹೆಚ್ಚು.

ಸತ್ತ ಭಾಗವನ್ನ ಗಟ್ಟಿ ಮರ ಸಿಗೋವರೆಗೆ ಕತ್ತರಿಸಿ ತೆಗೀಬೇಕು. ಕತ್ತರಿಸಿದ ಅಂಚು ಚಾಸಿಯ ಅಡ್ಡ ಪೈಪಿನ ಮೇಲೆ ಕೂರಬೇಕು, ಇಲ್ಲಾಂದ್ರೆ ಕೆಳಗೆ ಆಂಗಲ್ ಕೊಟ್ಟು ಆಧಾರ ಮಾಡಿ. ಹೊಸ ತುಂಡಿಗೆ ಐಎಸ್ 710 ಗುರುತಿನ ಬಿಡಬ್ಲ್ಯೂಪಿ (ಕುದಿನೀರಿಗೂ ಬಿಡದ) ಮರೀನ್ ಪ್ಲೈ ಹಾಕಿ, ದಪ್ಪ ಹಳೇದರಷ್ಟೇ ಇರಲಿ. ಐಎಸ್ 303ರ ಕಮರ್ಷಿಯಲ್ ಪ್ಲೈ ಮಲೆನಾಡಿನ ನೆಲಕ್ಕೆ ತಕ್ಕದ್ದಲ್ಲ. ನಾಲ್ಕೂ ಅಂಚಿಗೆ, ಕೊರೆದ ಪ್ರತಿ ತೂತಿನ ಒಳಕ್ಕೆ ಎಪಾಕ್ಸಿ ಬಳಿಯಿರಿ, ಪ್ಲೈ ನೀರು ಕುಡಿಯೋದು ಅಂಚಿಂದಲೇ. ಮತ್ತೆ ಒಂದು ಮಾತು, ಸುತ್ತಲಿನ ಹಳೇ ಮರ ಒಣಗದೆ ಮೇಲೆ ಮುಚ್ಚಬೇಡಿ. ಹಸಿ ಮರದ ಮೇಲೆ ಎಪಾಕ್ಸಿ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಮುಂದಿನ ಮಳೆಗಾಲಕ್ಕೆ ಎರಡರಷ್ಟು ಜಾಗ ಕೊಳೆತಿರುತ್ತೆ.

ಶೆಡ್ಡಲ್ಲಿ ಗೊಬ್ಬರದ ಚೀಲ, ಮೈಲುತುತ್ತದ ಡ್ರಮ್ಮು ಗಾಡಿ ಪಕ್ಕ ಇದ್ದವಾ? ಇದ್ದರೆ ಚಾಸಿ ಆ ಕಡೆ ವಿಶೇಷವಾಗಿ ನೋಡಿ. ಪೊಟ್ಯಾಷ್ ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತೆ, ಮೈಲುತುತ್ತ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಬಿಡಲ್ಲ.

ದೋಣಿಗಲ್ ತಿರುವು

ಸೀಲಂಟ್ ಎಲ್ಲ ಕಿತ್ತು ಹಾಕೋಕೆ ಎರಡು ದಿನ ಹೋಗುತ್ತೆ. ಹಳೇದರ ಮೇಲೇ ಬಾತ್‌ರೂಮಿಗೆ ಹಾಕೋ ಸಿಲಿಕಾನ್ ಒಂದು ಟ್ಯೂಬ್ ಎಳೆದರೆ ಈ ಸೀಸನ್ನಿಗೆ ಸಾಕಾಗಲ್ವಾ?

ಗೊರೂರು ಹಿನ್ನೀರು

ಸಾಕಾಗಲ್ಲ ಸಾರ್. ಎರಡು ಕಾರಣ. ವಿನೆಗರ್ ವಾಸನೆ ಬರೋ ಅಗ್ಗದ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ, ಅದು ಸ್ಕ್ರೂ ಮತ್ತು ಅಲ್ಯೂಮಿನಿಯಂ ಪಟ್ಟಿಯನ್ನ ಕೆಡಿಸುತ್ತೆ. ಎರಡನೇದು ಇನ್ನೂ ಕೆಟ್ಟದ್ದು: ಒಮ್ಮೆ ಸಿಲಿಕಾನ್ ಬಿದ್ದ ಜಾಗಕ್ಕೆ ಮುಂದೆ ಬೇರೆ ಯಾವ ಸೀಲಂಟೂ ಅಂಟಲ್ಲ. ಇವತ್ತು ಉಳಿಸಿದ ಎರಡು ದಿನ ಮುಂದೆ ನಾಲ್ಕು ದಿನ ಕೆರೆಯೋ ಕೆಲಸ ಆಗುತ್ತೆ.

ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ಹಳೇದನ್ನ ಪೂರ್ತಿ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಪಾಲಿಯುರೆಥೇನ್ ಸೀಲಂಟ್ ಹಾಕಿ. ಸಿಕಾಫ್ಲೆಕ್ಸ್ 221 ಥರದ್ದು. ಚೌಕಟ್ಟು ಬಿಚ್ಚಿದ ಕಡೆ ಅಡಿಗೆ ಬ್ಯೂಟೈಲ್ ಟೇಪ್ (ಮೆತ್ತನೆ ರಬ್ಬರಿನಂಥ ಅಂಟುಪಟ್ಟಿ) ಕೊಟ್ಟು ಸ್ಕ್ರೂ ಬಿಗಿಮಾಡಿ, ಹೊರಗೆ ಬಂದ ಟೇಪನ್ನ ಕತ್ತರಿಸಿ, ಅಂಚಿಗೆ ಸೀಲಂಟ್ ಎಳೆಯಿರಿ. ಪಾಲಿಯುರೆಥೇನ್ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತೆ, ದಿನಕ್ಕೆ ಸುಮಾರು 3 ಎಂಎಂ ಒಳಕ್ಕೆ. ಅಂಟೋ ಮೈ ಮಾತ್ರ ಒಣಗಿರಲೇಬೇಕು. ಹಸ್ತಾ, ಚಿತ್ತೆ ಮಳೆ ಇನ್ನೂ ಬಾಕಿ ಇರುತ್ತೆ, ಹಾಗಾಗಿ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಹಚ್ಚಿ, ಮಧ್ಯಾಹ್ನದ ಮಳೆ ಬರೋದರೊಳಗೆ ಮೇಲ್ಮೈ ಕೆನೆಗಟ್ಟಿರುತ್ತೆ.

ಲೇತ್ ಗೋಣಿಬೀಡು

ಚಕ್ರದ ವಿಷಯಕ್ಕೆ ಬರ್ತೀನಿ. ಎಡಚಕ್ರ ಹಿಡಿದಿರೋದು ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿದ್ದಕ್ಕೆ. ಹ್ಯಾಂಡ್ ಬ್ರೇಕ್ ಎಳೆದಿದ್ದಾಗ ಲೈನಿಂಗು ಡ್ರಮ್ಮಿಗೆ ಒತ್ತಿಕೊಂಡೇ ತಿಂಗಳುಗಟ್ಟಲೆ ಇರುತ್ತೆ, ಮಧ್ಯೆ ತುಕ್ಕು ಕಟ್ಟುತ್ತೆ. ಜೀಪಿಗೆ ಕಟ್ಟಿ ಜಗ್ಗಬೇಡಿ ಮಾರಾಯ್ರೆ, ಲೈನಿಂಗು ಶೂನಿಂದ ಕಿತ್ತು ಬರುತ್ತೆ, ಆಮೇಲೆ ಆ ತುಂಡು ಒಳಗೆ ಸಿಕ್ಕಿ ಘಾಟಿಯಲ್ಲಿ ಚಕ್ರ ಲಾಕ್ ಆಗುತ್ತೆ. ಬಲಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಎಡಗಡೆ ಜಾಕಿ ಎತ್ತಿ, ಆಕ್ಸಲ್ ಅಡಿ ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿ. ಹಿಂದಿನ ಕಿಂಡಿಯಿಂದ ಅಡ್ಜಸ್ಟರನ್ನ ಪೂರ್ತಿ ಸಡಿಲ ಮಾಡಿ, ಮರದ ಸುತ್ತಿಗೆಯಲ್ಲಿ ಡ್ರಮ್ಮಿನ ಸುತ್ತಲೂ ಬಡಿಯುತ್ತಾ ಬನ್ನಿ. ಬಿಡುತ್ತೆ.

ಡ್ರಮ್ ಹೊರಗೆ ಬಂದ ಮೇಲೆ ಬೇರಿಂಗ್ ನೋಡದೆ ವಾಪಸ್ ಹಾಕಬೇಡಿ. ಎರಡೂ ಕಡೆ ಬಿಚ್ಚಿ. ಗ್ರೀಸಿನ ಬಣ್ಣವೇ ಅರ್ಧ ಕಥೆ ಹೇಳುತ್ತೆ. ಒಳ್ಳೇದಿದ್ದರೆ ಹಾಕಿದಾಗಿನ ಬಣ್ಣದ ಹತ್ತಿರ ಇರುತ್ತೆ. ಹಾಲು ಜಾಸ್ತಿ ಆದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಸೀಮೆಎಣ್ಣೇಲಿ ತೊಳೆದು, ಒಣಬಟ್ಟೇಲಿ ಒರೆಸಿ, ಬೇರಿಂಗಿನ ಕಪ್, ಅಂದರೆ ರೋಲರ್ ಉರುಳೋ ಹೊರಗಿನ ಬಳೆಯನ್ನ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ರೋಲರ್ ಎಷ್ಟು ದೂರಕ್ಕೊಂದು ಇದೆಯೋ ಅಷ್ಟೇ ದೂರಕ್ಕೆ ಕಪ್ಪಿನ ಒಳಮೈಯಲ್ಲಿ ಬೂದು ಗೆರೆಗಳು ಕಾಣ್ತಾವೆ, ಬಾಚಣಿಗೆ ಒತ್ತಿದ ಹಾಗೆ. ನಿಂತಲ್ಲೇ ನಿಂತ ಗಾಡಿಗೆ ಬರೋ ತುಕ್ಕು ಅದು. ಉಗುರು ಎಳೆದಾಗ ಗೆರೆ ತಡೆದರೆ ಬೇರಿಂಗ್ ಬದಲಾಯಿಸಿ, ಒಳಗಿನ ಕೋನ್ (ರೋಲರ್ ಇರೋ ಭಾಗ) ಮತ್ತು ಹೊರಗಿನ ಕಪ್ ಎರಡೂ ಸೆಟ್ಟಾಗಿ. ಹಳೇ ಕಪ್ಪಿಗೆ ಹೊಸ ಕೋನ್ ಹಾಕಿದರೆ ಹೊಸದೂ ಬೇಗ ಹೋಗುತ್ತೆ. ನಂಬರ್ ಬೇರಿಂಗಿನ ಪಕ್ಕದಲ್ಲೇ ಕೆತ್ತಿರುತ್ತೆ, ಅದನ್ನ ಬರೆದುಕೊಂಡು ಅಂಗಡಿಗೆ ಹೋಗಿ.

ತೊಳೆದ ಬೇರಿಂಗನ್ನ ಕಂಪ್ರೆಸರ್ ಗಾಳೀಲಿ ಗಿರ್ರಂತ ತಿರುಗಿಸಬೇಡಿ, ರೋಲರ್ ಸಿಡಿದು ಕಣ್ಣಿಗೆ ಬಡಿಯಬಹುದು. ಪೂರ್ತಿ ಆರಿದ ಮೇಲೆ ಲಿಥಿಯಂ ಕಾಂಪ್ಲೆಕ್ಸ್ ಎನ್‌ಎಲ್‌ಜಿಐ 2 (ಗ್ರೀಸು ಎಷ್ಟು ಗಟ್ಟಿ ಅನ್ನೋ ನಂಬರ್) ಗ್ರೀಸು ಅಂಗೈಯಲ್ಲಿಟ್ಟುಕೊಂಡು, ಬೇರಿಂಗಿನ ಅಗಲ ಬಾಯನ್ನ ಅದಕ್ಕೆ ಒತ್ತುತ್ತಾ ಬನ್ನಿ, ಆಚೆ ಕಡೆ ರೋಲರ್ ಸಂದಿಯಿಂದ ಎಳೆ ಎಳೆಯಾಗಿ ಗ್ರೀಸ್ ಹೊರಗೆ ಬರ್ಬೇಕು. ಹಳೇ ಗ್ರೀಸಿನ ಜೊತೆ ಬೇರೆ ಜಾತಿ ಬೆರೆಸಬೇಡಿ. ಹಬ್ಬಿನ ಒಳಗನ್ನ ಗ್ರೀಸಿಂದ ಪೂರ್ತಿ ತುಂಬೋದೂ ತಪ್ಪು, ಬಿಸಿಯಾದಾಗ ಹಿಗ್ಗಿ ಆಯಿಲ್ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತೆ. ಸೀಲ್ ಪ್ರತಿ ಸಲವೂ ಹೊಸದು.

ನಟ್ ಬಿಗಿ ಮಾಡೋದರಲ್ಲೇ ಬಹಳ ಜನ ಎಡವೋದು. ಡ್ರಮ್ ತಿರುಗಿಸುತ್ತಾ ನಟ್ ಬಿಗಿಮಾಡಿ, ಬೇರಿಂಗ್ ಕೂತ ಮೇಲೆ ಪೂರ್ತಿ ಸಡಿಲ ಮಾಡಿ, ಮತ್ತೆ ಬರೀ ಬೆರಳಲ್ಲಿ ಬಿಗಿಮಾಡಿ. ಹತ್ತಿರದ ತೂತಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚಿ. ಚಕ್ರವನ್ನ ಮೇಲೆ ಕೆಳಗೆ ಹಿಡಿದು ಆಡಿಸಿದರೆ ಇದ್ದೂ ಇಲ್ಲದ ಹಾಗೆ ಒಂದು ಸಣ್ಣ ಆಟ ಸಿಕ್ಕಬೇಕು. ಪಾನಾದಲ್ಲಿ ಬಿಗಿ ಮಾಡಿಟ್ಟರೆ ಬೇರಿಂಗ್ ಸುಡುತ್ತೆ. ಇದೆಲ್ಲ ಬಿಚ್ಚಿ ಗ್ರೀಸ್ ಮಾಡೋ ಜೋಡಿ ಟೇಪರ್ ಬೇರಿಂಗಿಗೆ ಮಾತ್ರ. ನಿಮ್ಮದು ಯುರೋಪಿನಿಂದ ಬಂದ ಸೀಲ್ಡ್ ಹಬ್ ಆಗಿದ್ದರೆ ಬಿಚ್ಚಲೇಬೇಡಿ, ಅದರ ನಟ್ ಒಮ್ಮೆ ಮಾತ್ರ ಬಳಸೋದು, ಬಿಗಿಯೂ ಬೇರೆ.

ಬ್ರೇಕ್ ಹೊಂದಿಸುವಾಗ ಮೊದಲು ಶೂ, ಆಮೇಲೆ ರಾಡು ಮತ್ತು ಕೇಬಲ್ಲು. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಚಕ್ರ ಮುಂದಕ್ಕೆ ತಿರುಗಿಸುತ್ತಾ ಅಡ್ಜಸ್ಟರನ್ನ ಚಕ್ರ ಹಿಡಿಯೋವರೆಗೆ ಬಿಗಿಮಾಡಿ, ಆಮೇಲೆ ಸಲೀಸಾಗಿ ತಿರುಗೋವರೆಗೆ ವಾಪಸ್ ಬಿಡಿ. ಶೂ ಸವೆದದ್ದನ್ನ ಕೇಬಲ್ ಎಳೆದು ಸರಿ ಮಾಡೋಕೆ ಹೋದರೆ ಬ್ರೇಕು ಅರ್ಧ ಹಿಡಿದೇ ಓಡುತ್ತೆ.

ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ, ಅದು ಟೈರು ತಯಾರಾದ ವಾರ ಮತ್ತು ವರ್ಷ. 2319 ಅಂತಿದ್ದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಗುಂಡಿ (ಟ್ರೆಡ್) ಎಷ್ಟೇ ಇರಲಿ, ಟ್ರೇಲರಿಗೆ ಬೇಡ. ಟ್ರೇಲರ್ ಟೈರು ಸವೆದು ಸಾಯಲ್ಲ, ನಿಂತು ಸಾಯುತ್ತೆ. ನೆಲಕ್ಕೆ ತಾಗೋ ಜಾಗದ ಮೇಲೆ ಪಕ್ಕದ ಗೋಡೆಯನ್ನ ಹೆಬ್ಬೆರಳಲ್ಲಿ ಅಗಲಿಸಿ ನೋಡಿ, ಕೂದಲೆಳೆಯ ಬಿರುಕಿನೊಳಗೆ ದಾರ ಕಂಡರೆ ಆ ದಿನವೇ ಬದಲಾಯಿಸಿ. ಸ್ಟೆಪ್ನಿಗೂ ಇದೇ ನಿಯಮ.

ಟೋ ಬಾಲ್ (ಜೀಪಿನ ಹಿಂದೆ ಟ್ರೇಲರ್ ಸಿಕ್ಕಿಸೋ ಗುಂಡು) 50 ಎಂಎಂ ಆಗಿದ್ದರೆ ವರ್ನಿಯರಲ್ಲಿ ಅಳೆಯಿರಿ, 49ಕ್ಕೆ ಇಳಿದಿದ್ದರೆ ಬದಲಾಯಿಸಿ. ಆ ಗುಂಡಿನ ಮೇಲೆ ಕೂರೋ ಟ್ರೇಲರಿನ ಕಪ್ಲರಿನ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತೆ, ಅದರ ಮೇಲೇ ಕೂರಿಸಿದರೆ ಲಾಕ್ ಬಿದ್ದ ಹಾಗೆ ಕಾಣುತ್ತೆ, ಬಿದ್ದಿರಲ್ಲ. ಲಾಕ್ ಹಾಕಿದ ಮೇಲೆ ಮುಂದಿನ ಜಾಕಿಯಲ್ಲಿ ಮೇಲೆತ್ತಿ ನೋಡಿ, ಜೀಪಿನ ಹಿಂಭಾಗವೂ ಜೊತೆಗೇ ಏಳಬೇಕು.

ಬಣಕಲ್ ತೋಟ

ತುಂಬಾ ಉಪಕಾರ ಆಯ್ತು. ಹೇಳಿದ ಹಾಗೆ ನೋಡಿದ್ದರ ಫಲಿತಾಂಶ ಇದು. ನೆಲ ಬಾಗಿಲ ಹತ್ತಿರ ಒಂದೂವರೆ ಅಡಿ ಚೌಕ ಶೇ. 27, ಉಳಿದ ಕಡೆ 13ರಿಂದ 14. ಸೋರ್ತಿರೋದು ಬಾಗಿಲ ಮೇಲಿನ ಪಟ್ಟಿಯಿಂದ. ಎಡಗಡೆ ಒಳ ಬೇರಿಂಗಿನ ಕಪ್ಪಲ್ಲಿ ಬಾಚಣಿಗೆ ಗೆರೆ ಇದೆ, ಬಲಗಡೆ ಚೆನ್ನಾಗಿದೆ. ಟೈರು 4121.

ಬ್ಯಾಟರಿ ಮೀಟರಲ್ಲಿ 11.4 ವೋಲ್ಟ್ ತೋರಿಸ್ತಿದೆ. ಸೋಲಾರ್ ಕನೆಕ್ಟ್ ಆಗೇ ಇತ್ತಲ್ಲ, ಹೇಗೆ ಇಳೀತು? ಹಿಂದಿನ ಲೈಟಿನ ಸಮಸ್ಯೆಗೂ ಇದಕ್ಕೂ ಸಂಬಂಧ ಇದೆಯಾ?

ಬೇಲೂರು ವೈರ್‌ಮನ್

ಎರಡಕ್ಕೂ ಸಂಬಂಧ ಇಲ್ಲ. ಹಿಂದಿನ ಲೈಟು ಟ್ರೇಲರ್ ಬ್ಯಾಟರಿಯಿಂದ ಉರಿಯಲ್ಲ, ಎಳೆಯೋ ಗಾಡಿಯಿಂದ ಬರುತ್ತೆ.

ಶೆಡ್ಡಿನ ಶೀಟಿನ ಕೆಳಗೆ ಸೋಲಾರ್ ಇದ್ದೂ ಪ್ರಯೋಜನ ಇಲ್ಲ. ಅದು ಏನೂ ಕೊಡದೇ ಇದ್ದಾಗಲೂ ಕಂಟ್ರೋಲರ್, ಗ್ಯಾಸ್ ಅಲಾರಂ, ಸ್ಟೀರಿಯೋ ಇವೆಲ್ಲ ಹನಿಹನಿಯಾಗಿ ಹೀರ್ತಾನೇ ಇರ್ತವೆ. ನಾಲ್ಕು ತಿಂಗಳಿಗೆ 100 ಎಎಚ್ ಖಾಲಿಯಾಗೋಕೆ ಅಷ್ಟೇ ಸಾಕು. ಲೆಕ್ಕಕ್ಕೆ: ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ದಾಟಿದ್ದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 11.8ಕ್ಕಿಂತ ಕೆಳಗೆ ಖಾಲಿ. ನಿಮ್ಮದು 11.4, ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಕಟ್ಟಿರುತ್ತೆ. ಕೈ ಬಿಡೋ ಮುಂಚೆ ಒಂದು ಪ್ರಯತ್ನ ಮಾಡಿ.

ಮುಚ್ಚಳ ತೆಗೆದು ನೋಡಿ, ಪ್ಲೇಟು ಕಾಣ್ತಿದ್ದರೆ ಅದು ಮುಳುಗೋಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಗುರುತಿನವರೆಗೆ ತುಂಬೋದು ಚಾರ್ಜ್ ಆದಮೇಲೆ. ಮೊದಲೇ ತುಂಬಿದರೆ ಚಾರ್ಜಲ್ಲಿ ಉಕ್ಕಿ ಆಸಿಡ್ ಹೊರಗೆ ಬರುತ್ತೆ. ಆಸಿಡ್ ಹಾಕಬೇಡಿ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. 5 ಆಂಪಿಯರಿನಲ್ಲಿ ಒಂದು ರಾತ್ರಿ ಒಂದು ಹಗಲು, ಗಾಳಿಯಾಡೋ ಜಾಗದಲ್ಲಿ ಚಾರ್ಜ್ ಮಾಡಿ. ಚಾರ್ಜರ್ ತೆಗೆದು ಹನ್ನೆರಡು ಗಂಟೆ ಬಿಟ್ಟು ಹೈಡ್ರೋಮೀಟರಲ್ಲಿ ಆರೂ ಸೆಲ್ ಅಳೆಯಿರಿ. ಟ್ಯೂಬುಲರ್‌ಗೆ ಆಸಿಡ್ಡಿನ ಸಾಂದ್ರತೆ 1.240 ಸುತ್ತಮುತ್ತ ಬರ್ಬೇಕು. ಐದು ಸೆಲ್ ಸರಿಯಿದ್ದು ಒಂದು 0.050ರಷ್ಟು ಕೆಳಗಿದ್ದರೆ ಆ ಸೆಲ್ ಹೋಗಿದೆ, ಬ್ಯಾಟರಿ ಬದಲಾಯಿಸಿ. ಆರೂ ಸಮ ಬಂದರೆ 8 ಆಂಪಿಯರ್ ಲೋಡ್ ಹಾಕಿ ಅರ್ಧ ಗಂಟೆ ನೋಡಿ, 12 ವೋಲ್ಟಿಂದ ಕೆಳಗಿಳಿದರೆ ರಾತ್ರಿಯಿಡೀ ಅದನ್ನ ನಂಬಬೇಡಿ. ಮುಂದಕ್ಕೆ ನೆಗೆಟಿವ್ ತಂತಿಗೊಂದು ಐಸೋಲೇಟರ್ ಸ್ವಿಚ್ (ಬ್ಯಾಟರಿಯನ್ನ ಪೂರ್ತಿ ಬೇರ್ಪಡಿಸೋದು) ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಬ್ಯಾಟರಿ ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಇನ್ನೂ ಒಳ್ಳೇದು.

ಈಗ ಲೈಟು. ಒಂದು ಇಂಡಿಕೇಟರ್ ಹಾಕಿದಾಗ ಎಲ್ಲವೂ ಮಂಕಾಗಿ ಮಿನುಗಿದರೆ ಅದು ಅರ್ತ್ ಕೆಟ್ಟ ಲಕ್ಷಣ. ಕರೆಂಟಿಗೆ ವಾಪಸ್ ಹೋಗೋ ದಾರಿ ಸಿಗದೆ ಬೇರೆ ಬಲ್ಬುಗಳ ಮೂಲಕ ಸುತ್ತಿ ಹೋಗ್ತಿದೆ. ಟ್ರೇಲರ್ ಲೈಟಿಗೆ ಜೀಪಿಂದ ಕರೆಂಟ್ ತರೋ 7 ಪಿನ್ನಿನ 12ಎನ್ ಪ್ಲಗ್ಗಲ್ಲಿ 1 ಎಡ ಇಂಡಿಕೇಟರ್, 2 ಫಾಗ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಟೈಲ್, 6 ಬ್ರೇಕ್ ಲೈಟು, 7 ಎಡ ಟೈಲ್. ಕ್ರಮವಾಗಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು. ಆದರೆ ಸ್ಥಳೀಯವಾಗಿ ಕಟ್ಟಿದ ಗಾಡಿಯಲ್ಲಿ ಕೈಗೆ ಸಿಕ್ಕ ವೈರು ಎಳೆದಿರ್ತಾರೆ, ಬಣ್ಣ ನಂಬದೆ ಪಿನ್ ನಂಬರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಪ್ಲಗ್ ಬಿಚ್ಚಿದರೆ 3ನೇ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿರೋದು ಕಾಣುತ್ತೆ, ತೊಳೆಯದ ತಾಮ್ರದ ಚೊಂಬಿನ ಹಾಗೆ. ಸ್ಕ್ರೂ ಸಡಿಲಿಸಿ ವೈರಿನ ತುದಿ ಎಳೆಯಿರಿ, ಒಳಗಿನ ಎಳೆ ಕಪ್ಪಾಗಿದ್ದರೆ ಹೊಳೆಯೋ ತಾಮ್ರ ಸಿಗೋವರೆಗೆ ಕತ್ತರಿಸಿ ಹೊಸ ತುದಿ ಮಾಡಿ. ಪಿನ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಷ್ಷಲ್ಲಿ ಉಜ್ಜಿ, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಆಮೇಲೆ ಚಾಸಿಗೆ ಅರ್ತ್ ಬೋಲ್ಟ್ ಆದ ಜಾಗ. ಬಣ್ಣ, ತುಕ್ಕು ಕೆರೆದು ಬೆಳ್ಳಗೆ ಮಾಡಿ, ಹೊಸ ಲಗ್ ಹಾಕಿ, ಬಿಗಿಮಾಡಿದ ಮೇಲೆ ಪೇಂಟ್ ಹಚ್ಚಿ.

ಸರಿಯಾಯ್ತಾ ಅಂತ ಕಣ್ಣಲ್ಲಿ ನೋಡಿ ಬಿಡಬೇಡಿ. ಲೈಟು ಉರಿಯುವಾಗ ಮೀಟರಿನ ಒಂದು ತುದಿ ಬಲ್ಬಿನ ಅರ್ತಿಗೆ, ಇನ್ನೊಂದು ಜೀಪಿನ ಬ್ಯಾಟರಿ ನೆಗೆಟಿವ್‌ಗೆ. 0.3 ವೋಲ್ಟಿಗಿಂತ ಜಾಸ್ತಿ ಬಂದರೆ ಇನ್ನೂ ಎಲ್ಲೋ ತಡೆ ಇದೆ. ಎಷ್ಟು ಹುಡುಕಿದರೂ ಸಿಗದಿದ್ದರೆ 3ನೇ ಪಿನ್ನಿಂದ ಹಿಂದಿನ ಎರಡೂ ಲ್ಯಾಂಪಿಗೆ 2.5 ಚದರ ಎಂಎಂ ವೈರು ನೇರ ಎಳೆದುಬಿಡಿ, ಚಾಸಿಯ ತುಕ್ಕನ್ನ ನಂಬೋ ಕೆಲಸವೇ ಇರಲ್ಲ. ಇಲಿ ಕಡಿದ ಕಡೆ ವೈರು ಹೊಸೆದು ಇನ್ಸುಲೇಷನ್ ಟೇಪ್ ಸುತ್ತಬೇಡಿ, ನಮ್ಮ ಥಂಡಿಗೆ ಅದರ ಅಂಟು ಬಿಡುತ್ತೆ. ಕ್ರಿಂಪ್ ಮಾಡಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಹಾಕಿ.

ಆಲ್ದೂರು ಅಡುಗೆಮನೆ

ನೀರು ಮತ್ತು ಗ್ಯಾಸಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ.

ನೀರಿನ ಟ್ಯಾಂಕು, ಪೈಪು ಶುದ್ಧ ಮಾಡೋಕೆ 80 ಲೀಟರಿಗೆ ಬ್ಲೀಚಿಂಗ್ ಪೌಡರ್ 13 ಗ್ರಾಂ, ಅಂದರೆ ಮೂರು ಟೀ ಚಮಚ ಮಟ್ಟವಾಗಿ. ಇದು ಶೇ. 30ರಷ್ಟು ಕ್ಲೋರಿನ್ ಇರೋ ಹೊಸ ಪೌಡರಿನ ಲೆಕ್ಕ, ನೀರಲ್ಲಿ ಸುಮಾರು 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ಆಗುತ್ತೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪೌಡರ್ ಗಟ್ಟಿಯಾಗಿ ಸತ್ವ ಹೋಗಿರುತ್ತೆ, ಹೊಸ ಪ್ಯಾಕೆಟ್ಟೇ ತನ್ನಿ. ನೇರ ಟ್ಯಾಂಕಿಗೆ ಸುರಿಯಬೇಡಿ, ಬಕೆಟ್ಟಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನ ಬಟ್ಟೇಲಿ ಸೋಸಿ ಹಾಕಿ. ಅಡಿಯ ಸುಣ್ಣ ಹೋದರೆ ಪಂಪಿನ ಜಾಲರಿ ಕಟ್ಟುತ್ತೆ. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ಸಿಕ್ಕರೆ 80 ಎಂಎಲ್ ಸಾಕು, ಸೋಸೋ ತಾಪತ್ರಯ ಇಲ್ಲ, ಆದರೆ ಸುವಾಸನೆ ಹಾಕಿದ್ದು ಬೇಡ.

ಕಾರ್ಬನ್ ಫಿಲ್ಟರ್ ಇದ್ದರೆ ಮೊದಲೇ ಬಿಚ್ಚಿಡಿ, ಅದು ಕ್ಲೋರಿನ್ನನ್ನ ಹೀರಿಬಿಡುತ್ತೆ, ಮುಂದಿನ ಪೈಪಿಗೆ ಏನೂ ತಲುಪಲ್ಲ. ಟ್ಯಾಂಕ್ ತುಂಬಿಸಿ ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರೋವರೆಗೆ ಬಿಟ್ಟು, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಖಾಲಿ ಮಾಡಿ ಎರಡು ಸಲ ಒಳ್ಳೇ ನೀರು ತುಂಬಿ ಹರಿಸಿ. ಆ ನೀರನ್ನ ಹಳ್ಳಕ್ಕೆ ಬಿಡಬೇಡಿ, ಕಾಫಿ ಗಿಡದ ಬುಡಕ್ಕೂ ಬೇಡ, ಖಾಲಿ ರಸ್ತೆಗೆ ಚೆಲ್ಲಿ.

ನಲ್ಲಿ ಎಲ್ಲ ಮುಚ್ಚಿದ್ದಾಗಲೂ ಪಂಪು ಆಗಾಗ ಒಂದು ಕ್ಷಣ ಗುರ್ ಅಂದರೆ ಪೈಪಿನ ಜಾಯಿಂಟ್ ಎಲ್ಲೋ ಸೋರ್ತಿದೆ. ಪಂಪು ಓಡ್ತಾನೇ ಇದ್ದು ನೀರು ಬರ್ತಿಲ್ಲ ಅಂದರೆ ಹೀರೋ ಕಡೆ ಗಾಳಿ ಸೇರ್ತಿದೆ. ಬಹುಪಾಲು ಜಾಲರಿ ಬಟ್ಟಲಿನ ಓ-ರಿಂಗ್ ಒಣಗಿ ಬಿರಿದಿರುತ್ತೆ.

ಗ್ಯಾಸಿಗೆ ಬಂದರೆ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ. ಸುರಕ್ಷಾ ಪೈಪಿಗೆ ಐದು ವರ್ಷ ಆಯಸ್ಸು, ಇಲಿ ಹಲ್ಲಿನ ಗುರುತಿದ್ದರೆ ಇವತ್ತಿಗೇ ಮುಗೀತು. ಸಿಲಿಂಡರಿನ ಕುತ್ತಿಗೆ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಇರುತ್ತೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿಂದ ಡಿಸೆಂಬರ್. ಆ ಅವಧಿ ದಾಟಿದ ಸಿಲಿಂಡರ್ ತಗೋಬೇಡಿ. ರೆಗ್ಯುಲೇಟರ್ ಹಾಕಿ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ಒಂದು ನಿಮಿಷ ಕಾಯಿರಿ, ಗುಳ್ಳೆ ಬೆಳೆದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡೋ ಅಭ್ಯಾಸ ದಯವಿಟ್ಟು ಬೇಡ.

ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ಒಂದು ಕಿಂಡಿ ಇರುತ್ತೆ. ಕುಂಬಾರ ಹುಳ ಅದನ್ನೂ ಮಣ್ಣು ಮೆತ್ತಿ ಮುಚ್ಚಿರುತ್ತೆ, ಕಡ್ಡಿ ಹಾಕಿ ತೆಗೆದು ಹೊರಗಿಂದ ಸಣ್ಣ ಜಾಲರಿ ಹೊಡೆಯಿರಿ. ಬರ್ನರಿನ ಜ್ವಾಲೆ ಹಳದಿ ಬಂದು ಪಾತ್ರೆ ಕಪ್ಪಾದರೂ ಅದೇ ಕಾರಣ, ಗಾಳಿ ಎಳೆಯೋ ಬಾಯಲ್ಲಿ ಗೂಡು. ಜೆಟ್ಟಿನ ತೂತಿಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾದರೆ ಜ್ವಾಲೆ ಮತ್ತೆ ಸರಿ ಬರಲ್ಲ.

ಕೊನೇದಾಗಿ, ಚಳಿ ಅಂತ ಗಾಡಿಯೊಳಗೆ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಬೇಡಿ, ಗ್ಯಾಸ್ ಒಲೆ ಹಚ್ಚಿಟ್ಟು ಬೆಚ್ಚಗಾಗೋದೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಿಂದ ಎಬ್ಬಿಸಲ್ಲ. ಬ್ಯಾಟರಿ ಹಾಕೋ ಅಲಾರಂ ಸಿಗುತ್ತೆ, ಹಾಸಿಗೆ ಹತ್ತಿರ ಒಂದು ಇರಲೇಬೇಕು.

ಬಣಕಲ್ ತೋಟ

ಧನ್ಯವಾದ ಮೇಡಂ, ಆ ಕಿಂಡಿ ನಿಜಕ್ಕೂ ಪೂರ್ತಿ ಮುಚ್ಚಿತ್ತು.

ಬ್ಯಾಟರಿಯ ನಾಲ್ಕನೇ ಸೆಲ್ 1.170, ಉಳಿದ ಐದು 1.235. ಬದಲಾಯಿಸ್ತಿದೀನಿ. ಕೊನೇ ಪ್ರಶ್ನೆ ಗೋಣಿಬೀಡಿನವರಿಗೆ: ನೀರು ತುಂಬಿಸಿಕೊಂಡೇ ಹೋಗಬಹುದಾ? ಚಾರ್ಮಾಡಿ ಇಳಿಯೋಕೆ ಓವರ್‌ರನ್ ಬ್ರೇಕ್ ಸಾಕಾ?

ಲೇತ್ ಗೋಣಿಬೀಡು

ಟೈರಿನ ಲೆಕ್ಕ ಮೊದಲು. ನಿಮ್ಮ ಅಳತೆಯ ಟೈರಿಗೆ ಸಾಮಾನ್ಯವಾಗಿ ಲೋಡ್ ಇಂಡೆಕ್ಸ್ 79 ಇರುತ್ತೆ, ಅಂದರೆ ಒಂದಕ್ಕೆ 437 ಕೆ.ಜಿ., ಎರಡಕ್ಕೆ 874. ಟೈರಿನ ಮೇಲೆ ಅಳತೆಯ ಪಕ್ಕದಲ್ಲೇ ಆ ಅಂಕಿ ಇದೆ, ಖಾತ್ರಿ ಮಾಡ್ಕೊಳ್ಳಿ. ಖಾಲಿ 620 ಕಳೆದರೆ ಉಳಿಯೋದು 254. ನೀರೇ 80 ಕೆ.ಜಿ. ತಿಂದರೆ ಪಾತ್ರೆ, ಹಾಸಿಗೆ, ಸಿಲಿಂಡರ್, ದಿನಸಿ ಸೇರಿ ಅಂಚಿಗೆ ಬರುತ್ತೆ. ಖಾಲಿ ಟ್ಯಾಂಕಲ್ಲಿ ಹೋಗಿ, ಉಳಿಯೋ ಜಾಗದಲ್ಲಿ ತುಂಬಿಸಿ. ಅರ್ಧ ಟ್ಯಾಂಕು ಇನ್ನೂ ಕೆಟ್ಟದ್ದು, ತಿರುವಿನಲ್ಲಿ ನೀರು ತುಳುಕಿ ಗಾಡಿ ಓಲಾಡುತ್ತೆ.

ಸಾಮಾನು ತುಂಬಿದ ಮೇಲೆ ಮೂತಿಯ ತೂಕ, ಅಂದರೆ ಕಪ್ಲರ್ ಮೂಲಕ ಜೀಪಿನ ಮೇಲೆ ಬೀಳೋ ಭಾರ ನೋಡಿ. ಕಾಫಿ ಚೀಲ ತೂಗೋ ಪ್ಲಾಟ್‌ಫಾರಂ ತಕ್ಕಡಿ ಇರುತ್ತಲ್ಲ, ಅದರ ಮೇಲೆ ಮರದ ಕಂಬ ನಿಲ್ಲಿಸಿ, ಗಾಡಿ ಮಟ್ಟವಾಗಿರೋ ಹಾಗೆ ಕಪ್ಲರನ್ನ ಅದರ ಮೇಲೆ ಇಳಿಸಿ. ಕಂಬದ ತೂಕ ಕಳೆಯಿರಿ. ಒಟ್ಟು 850 ಇದ್ದರೆ ಮೂತಿ 60ರಿಂದ 85 ಕೆ.ಜಿ. ಇರಲಿ, ಜೀಪಿನ ಟೋ ಬಾರಿನ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಅದೇ ಲೆಕ್ಕ. ಮೂತಿ ಹಗುರ ಆದರೆ ಇಳಿಜಾರಲ್ಲಿ ಟ್ರೇಲರ್ ಬಾಲ ಆಡಿಸುತ್ತೆ. ಭಾರದ ಸಾಮಾನು ಹಿಂದೆ ಇಡಬೇಡಿ, ಆಕ್ಸಲ್ ಮೇಲೆ, ಸ್ವಲ್ಪ ಮುಂದಕ್ಕೆ, ನೆಲಕ್ಕೆ ಹತ್ತಿರ.

ಓವರ್‌ರನ್ ಬ್ರೇಕು ಕೆಲಸ ಮಾಡೋದೇ ಟ್ರೇಲರ್ ಜೀಪನ್ನ ತಳ್ಳಿದಾಗ. ಘಾಟಿಯಲ್ಲಿ ನೀವು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದೂ ಹಿಡಿದೇ ಇರುತ್ತೆ, ಡ್ರಮ್ ಕಾದು ಲೈನಿಂಗ್ ಹಿಡಿತ ಬಿಡುತ್ತೆ. ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಗೋ ಮುಂಚೆಯೇ ಎರಡನೇ ಗೇರಿಗೆ ಬನ್ನಿ. ವೇಗ ಏರಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ, ಪೂರ್ತಿ ಬಿಡಿ, ಮತ್ತೆ ಏರಿದಾಗ ಮತ್ತೆ ಒತ್ತಿ. ಮಂಜು ಕವಿದಿದ್ದರೆ ಇಳಿಯಬೇಡಿ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಎಳೆಯೋ ಬ್ರೇಕ್‌ಅವೇ ಕೇಬಲ್ಲು ಜೀಪಿನ ಚಾಸಿಗೆ ಕಟ್ಟಿದೆಯಾ ನೋಡಿ, ಬರೀ ಬಾಲ್ ಕುತ್ತಿಗೆಗೆ ಸಿಕ್ಕಿಸಿದ್ದರೆ ಜಾರಿ ಹೋಗಬಹುದು. ಎರಡು ಸೇಫ್ಟಿ ಚೈನು ಕಪ್ಲರಿನ ಅಡಿ ಅಡ್ಡಡ್ಡ ದಾಟಿಸಿ ಹಾಕಿ, ಮೂತಿ ಕಳಚಿದರೂ ಚೈನಿನ ತೊಟ್ಟಿಲಲ್ಲಿ ಕೂರುತ್ತೆ, ರಸ್ತೆಗೆ ಬಡಿಯಲ್ಲ.

ಚಾರ್ಮಾಡಿಗೆ ಮೊದಲು ಹಾಸನದ ಸುತ್ತು ಇಟ್ಟುಕೊಂಡಿದ್ದು ಒಳ್ಳೇದಾಯ್ತು. ಮೂಡಿಗೆರೇಲಿ ನಿಲ್ಲಿಸಿ ಎರಡೂ ಹಬ್ಬಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಕಡೆ ಕೈ ಇಡೋಕೆ ಆಗದಷ್ಟು ಬಿಸಿಯಿದ್ದರೆ ಅಲ್ಲೇ ಜಾಕಿ ಎತ್ತಿ, ಚಕ್ರ ತಿರುಗಿಸಿ. ಶೂ ಉಜ್ಜೋ ಸದ್ದು ಬಂದರೆ ಬ್ರೇಕು ಬಿಗಿ, ಸದ್ದಿಲ್ಲದೆ ಭಾರವಾಗಿ ತಿರುಗಿದರೆ ಬೇರಿಂಗ್ ಬಿಗಿ. ಬೇಲೂರಲ್ಲಿ ವ್ಹೀಲ್ ನಟ್ ಮತ್ತೆ ಬಿಗಿ ನೋಡಿ, ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 80 ಕಿ.ಮೀ.ಗೆ ನಟ್ ಕೂತು ಸಡಿಲ ಆಗೋದು ಮಾಮೂಲು. 12 ಎಂಎಂ ಸ್ಟಡ್ಡಿಗೆ 90 ನ್ಯೂಟನ್ ಮೀಟರ್ ಆಸುಪಾಸು, ಎದುರುಬದುರು ಕ್ರಮದಲ್ಲಿ. ಟಾರ್ಕ್ ರೆಂಚ್ ಗಾಡಿಯಲ್ಲೇ ಇಟ್ಟುಕೊಳ್ಳಿ, ಹೊಸ ಸ್ಪ್ಲಿಟ್ ಪಿನ್ ನಾಲ್ಕು, ಎಡಗಡೆಗೆ ತಂದ ನಂಬರಿನದೇ ಇನ್ನೊಂದು ಬೇರಿಂಗ್ ಸೆಟ್ಟು, ಒಂದು ಆಯಿಲ್ ಸೀಲು ಜೊತೆಗಿರಲಿ.